ವೃದ್ಧರ ಸನ್ನಿ ಮತ್ತು ತರುಣ ವೈದ್ಯ

ದೊಡ್ಡ ಸರಕಾರಿ ಆಸ್ಪತ್ರೆಯೊಂದರ ವಾರ್ಡಿನಲ್ಲಿ, ರಾತ್ರಿ ಎರಡು ಗಂಟೆಯ ಹೊತ್ತಿನಲ್ಲಿ, ಎಪ್ಪತ್ತು ದಾಟಿದ ಇಬ್ಬರು ಅಕ್ಕಪಕ್ಕದ ಹಾಸಿಗೆಗಳಲ್ಲಿದ್ದಾರೆಂದು ಭಾವಿಸೋಣ. ಮೊದಲನೆಯವರು ಕೈಗೆ ಚುಚ್ಚಿದ್ದ ಸಲೈನ್ ಕೊಳವೆಯನ್ನು ಕಿತ್ತೆಸೆದು, ಗೋಡೆಯ ಮೇಲೆ ಇರುವೆಗಳು ಸಾಲುಗಟ್ಟಿ ಬರುತ್ತಿವೆಯೆಂದು ಕೈಬೀಸಿ, ಕೊಟ್ಟಿಗೆಯಲ್ಲಿ ಎಮ್ಮೆ ಹಗ್ಗ ಬಿಚ್ಚಿಕೊಂಡಿದೆ, ಬಿಡಿ ನನ್ನನ್ನು ಎಂದು ಕೂಗುತ್ತ ಮಂಚದಿಂದ ಇಳಿಯಲು ಹೆಣಗುತ್ತಿದ್ದಾರೆ. ಎರಡನೆಯವರು ಸಂಜೆಯಿಂದಲೂ ಮಾತಿಲ್ಲದೆ, ಅನ್ನ ಮುಟ್ಟದೆ, ಕರೆದರೆ ಅರೆಗಣ್ಣು ತೆರೆದು ಮತ್ತೆ ಮುಚ್ಚಿ, ಹೊದಿಕೆಯ ಅಂಚನ್ನು ಬೆರಳುಗಳಿಂದ ಸುಮ್ಮನೆ ಹೊಸೆಯುತ್ತ ಬಿದ್ದಿದ್ದಾರೆ. ದಾದಿಯು ಡ್ಯೂಟಿಯ ಹೌಸ್ ಸರ್ಜನ್ನರನ್ನು ಎಬ್ಬಿಸುವುದು ಮೊದಲನೆಯವರ ಸಲುವಾಗಿ. ಇಪ್ಪತ್ತಮೂರು ಇಪ್ಪತ್ತನಾಲ್ಕು ವರ್ಷದ ಆ ತರುಣ ವೈದ್ಯರು ನಿದ್ದೆಗಣ್ಣಿನಲ್ಲಿ ಬಂದು, ಒಂದು ಇಂಜೆಕ್ಷನ್ ಬರೆದು, ಕೈಕಾಲುಗಳನ್ನು ಮಂಚಕ್ಕೆ ಕಟ್ಟಲು ಹೇಳಿ ಹಿಂದಿರುಗುತ್ತಾರೆ. ಎರಡನೆಯವರ ಕೇಸ್ ಶೀಟಿನಲ್ಲಿ ಆ ರಾತ್ರಿಯ ಬಗ್ಗೆ ಇರುವುದು ಒಂದೇ ಒಂದು ಮಾತು: ಶಾಂತವಾಗಿ ನಿದ್ರಿಸಿದರು.

ಇಬ್ಬರನ್ನು ಹಿಡಿದಿರುವುದೂ ಒಂದೇ ವ್ಯಾಧಿ. ನಮ್ಮ ಹಿರಿಯರು ಸನ್ನಿಯೆಂದು ಅಂಜುತ್ತಿದ್ದುದೂ, ಇಂದಿನ ವೈದ್ಯಶಾಸ್ತ್ರವು ಡೆಲಿರಿಯಮ್ ಎಂದು ಕರೆಯುವುದೂ ಬಹುಮಟ್ಟಿಗೆ ಇದನ್ನೇ. ಹಿಪೋಕ್ರೆಟಿಸನ ಪರಂಪರೆಯ ಗ್ರೀಕ್ ವೈದ್ಯರು ಕೂಗಾಡುವ ಜ್ವರಪೀಡಿತನ ಸ್ಥಿತಿಯನ್ನೂ ಮಂಕಾಗಿ ಮಲಗಿರುವವನ ಸ್ಥಿತಿಯನ್ನೂ ಎರಡು ಬೇರೆ ರೋಗಗಳೆಂದೆಣಿಸಿದ್ದರು. ಚರಕಸಂಹಿತೆಯಾದರೋ ಸನ್ನಿಪಾತ ಜ್ವರದ ಲಕ್ಷಣಗಳನ್ನೆಣಿಸುವಾಗ ತಂದ್ರೆ, ಮೋಹ, ಪ್ರಲಾಪಗಳನ್ನು ಒಟ್ಟಿಗೇ ಇರಿಸಿತು. ಈಚಿನ ಕಾಲದಲ್ಲಿ ಈ ಎರಡು ಮುಖಗಳನ್ನು ಒಂದೇ ದೇಹಕ್ಕೆ ಸೇರಿದವೆಂದು ಸ್ಪಷ್ಟವಾಗಿ ವಿವರಿಸಿದವರಲ್ಲಿ ಪ್ರಮುಖರು ಜ್ಬಿಗ್ನಿಯೆವ್ ಲಿಪೋವ್‌ಸ್ಕಿ ಎಂಬ, ಪೋಲೆಂಡಿನಲ್ಲಿ ಹುಟ್ಟಿ ಕೆನಡಾ ಅಮೆರಿಕಗಳಲ್ಲಿ ಕೆಲಸ ಮಾಡಿದ ಮನೋವೈದ್ಯರು. 1980ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ಇದನ್ನು ಮಿದುಳಿನ ತೀವ್ರ ವೈಫಲ್ಯವೆಂದೇ ಕರೆದರು. ಹೃದಯ ಸೋಲುವಂತೆ, ಮೂತ್ರಪಿಂಡ ಸೋಲುವಂತೆ, ಮಿದುಳೂ ಒಂದು ಅವಯವವಾಗಿ ಹಠಾತ್ತನೆ ಸೋಲಬಲ್ಲುದು ಎಂಬುದು ಇದರ ತಾತ್ಪರ್ಯ. ಮುಂದೆ ಅವರೇ ಉದ್ರಿಕ್ತ, ಮಂದ, ಮಿಶ್ರ ಎಂಬ ಭೇದಗಳನ್ನೂ ಗುರುತಿಸಿದರು. ವೃದ್ಧರಲ್ಲಿ ಮಂದ ಸನ್ನಿಯೇ ಬಹಳವಾಗಿ ಕಾಣುವುದು. ಗದ್ದಲವಿಲ್ಲದ ಕಾರಣ ಯಾರ ಕಣ್ಣಿಗೂ ಬೀಳದೆ, ಕುಡಿದ ನೀರು ಶ್ವಾಸನಾಳಕ್ಕಿಳಿದು, ಬೆನ್ನಿನಲ್ಲಿ ಹುಣ್ಣಾಗಿ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಹೆಚ್ಚು ಅಪಾಯಕ್ಕೀಡಾಗುವವರೂ ಅವರೇ. ಹೀಗಾಗಿ ನಾನು ವಾರ್ಡಿನಲ್ಲಿ ಮೊದಲು ನೋಡಬೇಕೆನ್ನುವುದು ಆ ಎರಡನೆಯ ಹಾಸಿಗೆಯನ್ನು.

ಈ ವ್ಯಾಧಿಯಲ್ಲಿ ಮೊದಲು ಕೆಡುವುದು ನೆನಪಲ್ಲ, ಅವಧಾನ. ಅಷ್ಟಾವಧಾನಿಯು ಎಂಟು ಎಳೆಗಳನ್ನು ಏಕಕಾಲದಲ್ಲಿ ಹಿಡಿದು ಒಂದನ್ನೂ ಬಿಡದೆ ನಡೆಸುತ್ತಾನಷ್ಟೆ. ಸನ್ನಿ ಹಿಡಿದವರಿಗೆ ಒಂದು ಎಳೆಯನ್ನೂ ಅರ್ಧ ನಿಮಿಷ ಹಿಡಿದಿರಲಾಗುವುದಿಲ್ಲ. ಪ್ರಶ್ನೆ ಕೇಳಿದರೆ ಉತ್ತರದ ನಡುವೆ ಪ್ರಶ್ನೆಯೇ ಜಾರಿಹೋಗುತ್ತದೆ. ಬಾಗಿಲಲ್ಲಿ ಟ್ರಾಲಿಯ ಸದ್ದಾದರೆ ಮನಸ್ಸು ಅದರ ಹಿಂದೆ ಹೋಗುತ್ತದೆ. ಸ್ಥಿತಿ ಕೆಲವು ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ತಲೆದೋರಿ, ಗಳಿಗೆಗೊಂದು ಬಗೆಯಾಗಿ ಏರಿಳಿಯುತ್ತಿರುತ್ತದೆ. ಬೆಳಗ್ಗೆ ಪ್ರೊಫೆಸರರು ರೌಂಡ್ಸಿಗೆ ಬಂದಾಗ ನಮಸ್ಕಾರ ಮಾಡಿ ಊರಿನ ಮಳೆಬೆಳೆಯ ಸಮಾಚಾರ ಹೇಳಿದ ಮುದುಕರೇ ಸಂಜೆ ದೀಪ ಹಚ್ಚುವ ಹೊತ್ತಿಗೆ ಮಗನನ್ನು ಗುರುತಿಸದೆ ಹೋಗುವುದುಂಟು. ಬೆಳಗಿನ ರೌಂಡ್ಸನ್ನೇ ನಂಬಿದ ವೈದ್ಯನಿಗೆ ಈ ರೋಗ ಕಾಣುವುದೇ ಇಲ್ಲ.

ಮಿದುಳಿನೊಳಗೆ ಏನಾಗುತ್ತದೆಂಬುದರ ಅರಿವು ಇನ್ನೂ ಅಪೂರ್ಣವೇ ಆದರೂ ಕೆಲವು ಸುಳುಹುಗಳು ಖಚಿತವಾಗಿವೆ. ಅಮೆರಿಕದ ಜಾನ್ ರೊಮಾನೊ ಮತ್ತು ಜಾರ್ಜ್ ಎಂಗೆಲ್ ಎಂಬ ವೈದ್ಯರು 1940ರ ದಶಕದಲ್ಲಿ ಇಂತಹ ರೋಗಿಗಳ ಮಿದುಳಿನ ವಿದ್ಯುತ್ತರಂಗಗಳನ್ನು ದಾಖಲಿಸಿ, ಪ್ರಜ್ಞೆ ಮಂಕಾದಷ್ಟೂ ತರಂಗಗಳ ಗತಿ ನಿಧಾನವಾಗುವುದನ್ನೂ, ಮೂಲದೋಷವನ್ನು ಸರಿಪಡಿಸಿದರೆ ಅದು ಮತ್ತೆ ಚುರುಕಾಗುವುದನ್ನೂ ತೋರಿಸಿದರು. ಇನ್ನೊಂದು ಸುಳುಹು ನಮ್ಮ ಹಿತ್ತಿಲ ಬೇಲಿಯಲ್ಲಿಯೇ ಬೆಳೆಯುತ್ತದೆ. ಶಿವನಿಗೆ ಪ್ರಿಯವೆಂದು ನಾವು ಏರಿಸುವ ಉಮ್ಮತ್ತದ ಹೂವಿನ ಗಿಡದಲ್ಲಿ, ಎಂದರೆ ದತ್ತೂರದಲ್ಲಿ, ಆಟ್ರೊಪಿನ್ ಮತ್ತು ಸ್ಕೊಪೊಲಮಿನ್ ಎಂಬ ದ್ರವ್ಯಗಳಿವೆ. ಅದರ ಬೀಜ ತಿಂದವನು ಬಾಯಾರಿ, ಕಣ್ಣಾಲಿ ಹಿಗ್ಗಿ, ಮೈ ಕಾದು, ಇಲ್ಲದವರೊಡನೆ ಮಾತನಾಡುತ್ತ, ಗಾಳಿಯಲ್ಲಿ ದಾರದ ಎಳೆಗಳನ್ನು ಹೆಕ್ಕತೊಡಗುವುದನ್ನು ಹಳ್ಳಿಯವರು ಬಲ್ಲರು. ಅವಧಾನ ಮತ್ತು ಎಚ್ಚರಗಳಿಗೆ ಆಧಾರವಾದ ಅಸಿಟೈಲ್‌ಕೋಲಿನ್ ಎಂಬ ನರವಾಹಕವು ತನ್ನ ಕೆಲಸ ಮಾಡದಂತೆ ಈ ವಿಷ ತಡೆಯುತ್ತದೆ. ಪ್ರಾಗ್ ನಗರದಲ್ಲಿ 1864ರಲ್ಲಿ ಕ್ಲೈನ್‌ವೆಖ್ಟರ್ ಎಂಬ ವೈದ್ಯರು, ಆಟ್ರೊಪಿನ್ ಕುಡಿದಿದ್ದ ಸೆರೆಯಾಳೊಬ್ಬನಿಗೆ ಪಶ್ಚಿಮ ಆಫ್ರಿಕದ ಕಲಬಾರ್ ಬೀಜದ ಸಾರವನ್ನು ಕೊಟ್ಟು ಗುಣ ಕಂಡರು. ಅಸಿಟೈಲ್‌ಕೋಲಿನ್ ಬೇಗ ನಾಶವಾಗದಂತೆ ಅದು ಕಾಪಾಡುತ್ತದೆಂಬುದು ಬಹುಕಾಲದ ಮೇಲೆ ತಿಳಿದ ವಿಷಯ.

ಇದನ್ನು ಇಷ್ಟು ವಿಸ್ತಾರವಾಗಿ ಹೇಳುವುದಕ್ಕೆ ಕಾರಣವುಂಟು. ದತ್ತೂರದ ಈ ಗುಣವನ್ನು ಮಿತಪ್ರಮಾಣದಲ್ಲಿ ಹೊತ್ತ ಮಾತ್ರೆಗಳನ್ನು ನಾವು ವೃದ್ಧರಿಗೆ ದಿನನಿತ್ಯ ಕೊಡುತ್ತೇವೆ: ನೆಗಡಿಗೆ ಕ್ಲೋರ್‌ಫೆನಿರಮಿನ್, ಕೈನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್, ನರದ ಉರಿಗೂ ಖಿನ್ನತೆಗೂ ಅಮಿಟ್ರಿಪ್ಟಿಲಿನ್, ಮೂತ್ರದ ಅವಸರಕ್ಕೆ ಆಕ್ಸಿಬ್ಯುಟಿನಿನ್. ಮೂವತ್ತರ ಯುವಕನಿಗೆ ಬಾಯೊಣಗಿಸಿ ಬಿಡುವ ಮಾತ್ರೆ, ಅಸಿಟೈಲ್‌ಕೋಲಿನ್‌ನ ಸಂಚಯ ಮೊದಲೇ ತೆಳುವಾಗಿರುವ ಎಂಬತ್ತರ ಮಿದುಳನ್ನು ಅಲ್ಲಾಡಿಸಿಬಿಡಬಲ್ಲುದು. ರೋಗಿಯ ಔಷಧಗಳ ಚೀಟಿಯನ್ನು, ಜೊತೆಗೆ ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತಂದ ಮಾತ್ರೆಗಳ ಚೀಲವನ್ನೂ, ಹಾಸಿಗೆಯ ಮೇಲೆ ಸುರಿದು ಒಂದೊಂದಾಗಿ ಓದಿಸುವುದೇ ತರುಣ ವೈದ್ಯರಿಗೆ ಮೊದಲ ಪಾಠವಾಗಬೇಕು.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದ್ದ ಶ್ಯಾರನ್ ಇನೊಯೆ ಎಂಬ ವೈದ್ಯೆ 1990ರ ದಶಕದಲ್ಲಿ ಈ ಮಾತನ್ನು ಲೆಕ್ಕಕ್ಕೆ ತಂದರು. ವಯಸ್ಸು, ಮರೆವಿನ ರೋಗ, ಕಿವಿಕಣ್ಣುಗಳ ಮಂದತೆ ಇವು ಮಿದುಳನ್ನು ಮೊದಲೇ ದುರ್ಬಲಗೊಳಿಸಿರುತ್ತವೆ. ಅದರ ಮೇಲೆ ಒಂದು ಹೊಸ ಪೆಟ್ಟು ಬಿದ್ದಾಗ ಸನ್ನಿ ಎರಗುತ್ತದೆ. ದುರ್ಬಲತೆ ಹೆಚ್ಚಿದಷ್ಟೂ ಪೆಟ್ಟು ಸಣ್ಣದಾದರೆ ಸಾಕು. ಅತಿ ದುರ್ಬಲರಾದ ವೃದ್ಧರಿಗೆ ಮೂರು ದಿನದ ಮಲಬದ್ಧತೆಯೋ, ಕಟ್ಟಿಕೊಂಡ ಮೂತ್ರವೋ, ಒಂದು ನಿದ್ದೆಮಾತ್ರೆಯೋ ಸಾಕು. ಆಸ್ಪತ್ರೆಯೊಳಗೆ ಬೀಳುವ ಪೆಟ್ಟುಗಳನ್ನು 1996ರಲ್ಲಿ ಅವರು ಎಣಿಸಿದಾಗ ದೊರೆತ ಐದು ಇವು: ಕೈಕಾಲು ಕಟ್ಟುವುದು, ಅಪೌಷ್ಟಿಕತೆ, ಒಮ್ಮೆಗೇ ಮೂರಕ್ಕಿಂತ ಹೆಚ್ಚು ಹೊಸ ಔಷಧಗಳು, ಮೂತ್ರದ ಕೊಳವೆ, ಮತ್ತು ಚಿಕಿತ್ಸೆಯಿಂದಲೇ ಒದಗುವ ಯಾವುದಾದರೊಂದು ಅವಘಡ. ಈ ಪಟ್ಟಿಯಲ್ಲಿ ಬಹುಪಾಲು ನಮ್ಮ ಕೈಗಳೇ ಮಾಡುವ ಕೆಲಸಗಳೆಂಬುದನ್ನು ವಿದ್ಯಾರ್ಥಿಗಳಿಗೆ ಮುಚ್ಚಿಡದೆ ಹೇಳಬೇಕು.

ಆಸ್ಪತ್ರೆಗೆ ಸೇರುವ ವೃದ್ಧರಲ್ಲಿ ಸುಮಾರು ನಾಲ್ಕೈದು ಮಂದಿಗೊಬ್ಬರಂತೆ ಕಾಣಿಸಿಕೊಳ್ಳುವ, ಸಾವಿನ ಸಂಭವವನ್ನು ಹೆಚ್ಚಿಸುವ ಇಂತಹ ರೋಗ ಕಣ್ತಪ್ಪುವುದಾದರೂ ಹೇಗೆ? ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ಮನೆಯವರೂ ನಂಬಿದ್ದಾರೆ, ವೈದ್ಯರೂ ಒಳಗೊಳಗೇ ನಂಬಿದ್ದಾರೆ. ಮುದುಕರು ಅಸಂಬದ್ಧ ಮಾತನಾಡಿದರೆ ವಯಸ್ಸಾಯಿತೆನ್ನುತ್ತೇವೆ. ಮಾತು ನಿಲ್ಲಿಸಿದರೆ ಸುಸ್ತಾಗಿದೆಯೆನ್ನುತ್ತೇವೆ. ಕೇಸ್ ಶೀಟಿನಲ್ಲಿ ಸಹಕರಿಸುತ್ತಿಲ್ಲ, ಹಟಮಾರಿ, ಗೊಂದಲದಲ್ಲಿದ್ದಾರೆ ಎಂಬ ಶಬ್ದಗಳು ಸೇರಿಕೊಳ್ಳುತ್ತವೆಯೇ ಹೊರತು ರೋಗದ ಹೆಸರು ಸೇರುವುದಿಲ್ಲ. ಯಾರಲ್ಲಿ ಸನ್ನಿ ಹೆಚ್ಚಾಗಿ ತಪ್ಪಿಹೋಗುತ್ತದೆಂದು ಇನೊಯೆಯವರು 2001ರಲ್ಲಿ ದಾದಿಯರ ದಾಖಲೆಗಳನ್ನು ಹೋಲಿಸಿ ನೋಡಿದಾಗ ಕಂಡುಬಂದವರು ಮಂದ ಸನ್ನಿಯವರು, ಎಂಬತ್ತು ತುಂಬಿದವರು, ಕಣ್ಣು ಕಾಣದವರು, ಮತ್ತು ಮೊದಲೇ ಮರೆವಿನ ರೋಗವುಳ್ಳವರು. ಅಂದರೆ, ಅಪಾಯ ಯಾರಿಗೆ ಹೆಚ್ಚೋ ಅವರೇ. ಮರೆವಿನ ರೋಗವು ವರ್ಷಗಟ್ಟಲೆ ಮೆಲ್ಲನೆ ಬರುವುದು, ಸನ್ನಿಯು ನಿನ್ನೆಯಿಂದ ಇಂದಿಗೆ ಬರುವುದು. ಮೊದಲನೆಯದರ ಮೇಲೆ ಎರಡನೆಯದು ಬಂದು ಕುಳಿತಾಗ ಹಳೆಯ ರೋಗವೇ ಹೆಚ್ಚಾಯಿತೆಂದು ಬಗೆದು ಕೈಬಿಡುವುದು ಅತ್ಯಂತ ಸಾಮಾನ್ಯವೂ ಅತ್ಯಂತ ಖೇದಕರವೂ ಆದ ತಪ್ಪು.

ಭಾರತದಲ್ಲಿ ವೃದ್ಧವೈದ್ಯವು ಪ್ರತ್ಯೇಕ ಶಾಸ್ತ್ರವಾಗಿ ತಲೆಯೆತ್ತಿದ್ದು ತಡವಾಗಿಯೇ. ಮದರಾಸು ಮೆಡಿಕಲ್ ಕಾಲೇಜಿನಲ್ಲಿ ಡಾ. ವಿ. ಎಸ್. ನಟರಾಜನ್ ಅವರ ದೀರ್ಘ ಪ್ರಯತ್ನದ ಫಲವಾಗಿ 1996ರಲ್ಲಿ ಅದರ ಸ್ನಾತಕೋತ್ತರ ಪದವಿ ಆರಂಭವಾಯಿತು. 2019ರಿಂದ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮವು ವೃದ್ಧರ ತೀವ್ರ ಗೊಂದಲಸ್ಥಿತಿಯ ಕಾರಣ, ಗುರುತು, ಉಪಚಾರಗಳನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಬಲ್ಲವನಾಗಬೇಕೆಂದು ವಿಧಿಸಿದೆ. ವಿಧಿ ಒಳ್ಳೆಯದೇ. ಆದರೆ ಲೆಕ್ಚರ್ ಹಾಲಿನಲ್ಲಿ ನಾಲ್ಕು ಸ್ಲೈಡುಗಳಾಗಿ ಮುಗಿಯುವ ಜ್ಞಾನವು ರಾತ್ರಿ ಎರಡು ಗಂಟೆಗೆ ಒದಗುವುದಿಲ್ಲ. ಹೃದಯದ ಮರ್ಮರವನ್ನು ಸ್ಟೆತಾಸ್ಕೋಪಿಟ್ಟು ಕೇಳಿಸಿಯೇ ಕಲಿಸುವ ನಾವು ಅವಧಾನದ ಪರೀಕ್ಷೆಯನ್ನು ಮಾತ್ರ ಪುಸ್ತಕಕ್ಕೆ ಬಿಟ್ಟಿದ್ದೇವೆ.

ಸಾಧನಗಳಿಗೇನೂ ಕೊರತೆಯಿಲ್ಲ. 1990ರಲ್ಲಿ ಇನೊಯೆ ಮತ್ತು ಸಂಗಡಿಗರು ರೂಪಿಸಿದ ಕ್ಯಾಮ್ ಎಂಬ ವಿಧಾನವು ನಾಲ್ಕು ಲಕ್ಷಣಗಳನ್ನು ಹುಡುಕುತ್ತದೆ: ಹಠಾತ್ತಾದ ಆರಂಭ ಮತ್ತು ಏರಿಳಿತ, ಅವಧಾನದ ಕುಸಿತ, ಆಲೋಚನೆಯ ಅಸಂಬದ್ಧತೆ, ಎಚ್ಚರದ ವ್ಯತ್ಯಾಸ. ಮೊದಲಿನ ಎರಡೂ ಇದ್ದು ಉಳಿದ ಎರಡರಲ್ಲೊಂದು ಸೇರಿದರೆ ರೋಗ ನಿಶ್ಚಿತವಾದಂತೆ. ಎಡಿನ್‌ಬರೋದ ಅಲಾಸ್ಡೇರ್ ಮೆಕ್‌ಲಲಿಚ್ ಮತ್ತು ಸಂಗಡಿಗರ ಫೋರ್-ಎ-ಟಿ ಎಂಬ ಪರೀಕ್ಷೆ ಇನ್ನೂ ಚಿಕ್ಕದು. ಎರಡು ನಿಮಿಷದೊಳಗೆ ಮುಗಿಯುತ್ತದೆ. ರೋಗಿಯ ಎಚ್ಚರ ಹೇಗಿದೆಯೆಂದು ನೋಡಿ, ವಯಸ್ಸು, ಹುಟ್ಟಿದ ತಾರೀಖು, ಈಗಿರುವ ಸ್ಥಳ, ಈಗಿನ ವರ್ಷ ಇವನ್ನು ಕೇಳಿ, ತಿಂಗಳುಗಳನ್ನು ಡಿಸೆಂಬರಿನಿಂದ ಹಿಮ್ಮುಖವಾಗಿ ಹೇಳಿಸಿ, ಸ್ಥಿತಿ ಈಚೆಗೆ ಬದಲಾಯಿತೇ ಎಂದು ವಿಚಾರಿಸಿ ಅಂಕ ಹಾಕುವುದು. ನಾಲ್ಕು ಅಥವಾ ಹೆಚ್ಚು ಬಂದರೆ ಸನ್ನಿಯನ್ನು ಶಂಕಿಸಬೇಕು.

ಎಡಿನ್‌ಬರೋದ ಪ್ರಶ್ನೆಗಳನ್ನು ಹಾಗೆಹಾಗೆಯೇ ರಾಯಚೂರಿನ ಅಥವಾ ಚಾಮರಾಜನಗರದ ವಾರ್ಡಿಗೆ ಒಯ್ದರೆ ಮಾತ್ರ ಅನ್ಯಾಯವಾಗುತ್ತದೆ. ಶಾಲೆಯ ಮುಖ ಕಾಣದ ಮುದುಕಿಗೆ ಹುಟ್ಟಿದ ತಾರೀಖು ಆರೋಗ್ಯದಿಂದಿದ್ದಾಗಲೂ ತಿಳಿದಿರಲಿಲ್ಲ. ಡಿಸೆಂಬರ್ ನವೆಂಬರುಗಳು ಆಕೆಯ ಲೆಕ್ಕದಲ್ಲಿಲ್ಲ. ಉತ್ತರ ಭಾರತದ ಬಲ್ಲಭಗಢದ ಹಳ್ಳಿಗಳಲ್ಲಿ ಮರೆವಿನ ರೋಗವನ್ನು ಅಭ್ಯಸಿಸಿದವರು 1990ರ ದಶಕದಲ್ಲಿಯೇ ಇದನ್ನರಿತು, ನೂರರಿಂದ ಏಳೇಳು ಕಳೆಯುವ ಲೆಕ್ಕವನ್ನು ಬಿಟ್ಟು ವಾರದ ದಿನಗಳನ್ನು ಹಿಂದಿನಿಂದ ಹೇಳಿಸಿದರು. ನಮ್ಮಲ್ಲಿಯೂ ಶನಿವಾರದಿಂದ ಭಾನುವಾರದವರೆಗೆ ಹಿಂದಕ್ಕೆ ಹೇಳಿಸಬಹುದು. ಚೈತ್ರವೈಶಾಖಗಳನ್ನು ಬಲ್ಲವರಿಗೆ ಫಾಲ್ಗುಣದಿಂದ ಆರಂಭಿಸಬಹುದು. ಬೇಸಾಯಗಾರರಿಗೆ ಈಗ ಯಾವ ಮಳೆ ನಡೆದಿದೆ, ಆರಿದ್ರೆಯೋ ಪುಷ್ಯವೋ, ಯುಗಾದಿ ಕಳೆದು ಎಷ್ಟು ದಿನವಾಯಿತು ಎಂದು ಕೇಳಬಹುದು. ಇಂತಹ ಬದಲಾವಣೆಗಳನ್ನು ಶಾಸ್ತ್ರೀಯವಾಗಿ ಒರೆಹಚ್ಚಿ ಕನ್ನಡದಲ್ಲಿ ಸ್ಥಿರಪಡಿಸುವ ಕೆಲಸಕ್ಕೆ ನಮ್ಮ ವೈದ್ಯಕೀಯ ಕಾಲೇಜುಗಳು ಕೈಹಾಕಬೇಕೆಂದು ನನ್ನ ಮನಃಪೂರ್ವಕವಾದ ಆಸೆ. ಇಂಗ್ಲಿಷಿನಲ್ಲಿ ಕಲಿತು ಇಂಗ್ಲಿಷಿನಲ್ಲಿ ಬರೆದುಕೊಳ್ಳುವ ಹುಡುಗ ಹುಡುಗಿಯರು ಈ ಪ್ರಶ್ನೆಗಳನ್ನು ಊರಿನ ಮಾತಿನಲ್ಲಿ, ಅಜ್ಜಿಯ ಕಿವಿಯ ಹತ್ತಿರ ಬಗ್ಗಿ, ಆತುರವಿಲ್ಲದೆ ಕೇಳುವುದನ್ನು ಅಭ್ಯಾಸ ಮಾಡಬೇಕು. ಉತ್ತರ ತಪ್ಪಾಯಿತೇ ಎಂಬುದಕ್ಕಿಂತ ಉತ್ತರಿಸುವಾಗ ಮನಸ್ಸು ಹೇಗೆ ಜಾರುತ್ತದೆಂಬುದನ್ನು ಕಾಣುವ ಕಣ್ಣು ಆ ಅಭ್ಯಾಸದಿಂದಲೇ ಬರತಕ್ಕದ್ದು: ಶನಿವಾರ, ಶುಕ್ರವಾರ ಎಂದು ಸರಿಯಾಗಿ ಹೊರಟು, ಗುರುವಾರದಲ್ಲಿ ನಿಂತು, ಮಠದ ಪೂಜೆಯ ನೆನಪಾಗಿ, ಅಲ್ಲಿಂದ ಮಗಳ ಮದುವೆಗೆ ಹೋಗಿ, ಕಣ್ಣು ಮುಚ್ಚಿಬಿಡುವುದು.

ಇನ್ನೊಂದು ಸಾಧನವು ನಮ್ಮ ಆಸ್ಪತ್ರೆಗಳಲ್ಲಿ ಪಶ್ಚಿಮದವರಿಗಿಂತ ಸಮೃದ್ಧವಾಗಿದೆ. ಹಾಸಿಗೆಯ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಮಲಗುವ ಮಗಳೋ ಸೊಸೆಯೋ ರೋಗಿಯ ಸಹಜ ಸ್ಥಿತಿಯನ್ನು ಬಲ್ಲ ತಜ್ಞರು. ‘ನಿನ್ನೆ ಸಂಜೆವರೆಗೂ ನೆಟ್ಟಗಿದ್ರು, ಬೆಳಗಾಗೋದ್ರೊಳಗೆ ಏನೇನೋ ಮಾತಾಡ್ತಾರೆ’ ಎಂದು ಆಕೆ ಹೇಳುವ ಮಾತಿನಲ್ಲಿ ಕ್ಯಾಮ್ ವಿಧಾನದ ಮೊದಲ ಲಕ್ಷಣ ಪೂರ್ತಿಯಾಗಿ ಅಡಗಿದೆ. ವೈದ್ಯರು ಅದನ್ನು ಕೇಳಿ ಬರೆದುಕೊಳ್ಳಬೇಕು. ಐ.ಸಿ.ಯು. ಬಾಗಿಲಲ್ಲಿ ಆಕೆಯನ್ನು ದಿನವಿಡೀ ತಡೆದು ನಿಲ್ಲಿಸುವ ಪದ್ಧತಿಯು, ಈ ವ್ಯಾಧಿಯ ದೃಷ್ಟಿಯಿಂದ ನೋಡಿದರೆ, ರೋಗಿಗೂ ವೈದ್ಯನಿಗೂ ನಷ್ಟವೇ.

ಗುರುತಿಸಿದ ಮೇಲಿನ ಮೊದಲ ಕೆಲಸವು ಶಮನವಲ್ಲ, ಶೋಧ. ಸಕ್ಕರೆ ಇಳಿದಿದೆಯೇ, ಆಮ್ಲಜನಕ ಕಡಮೆಯೇ ಎಂಬುದನ್ನು ಆ ಕ್ಷಣದಲ್ಲಿಯೇ. ಸೋಡಿಯಮ್ಮು, ಮೂತ್ರದ ಅಥವಾ ಶ್ವಾಸಕೋಶದ ಸೋಂಕು, ಹೃದಯಾಘಾತ ಇವುಗಳನ್ನು ಅದರ ಬೆನ್ನಿಗೆ. ಕಿಬ್ಬೊಟ್ಟೆಯನ್ನು ಕೈಯಿಂದ ಮುಟ್ಟಿ ಮೂತ್ರ ಕಟ್ಟಿದೆಯೇ ಎಂಬುದನ್ನು ಮರೆಯದೆ ನೋಡಬೇಕು. ವೃದ್ಧರಲ್ಲಿ ನ್ಯುಮೋನಿಯಾ ಜ್ವರವಿಲ್ಲದೆ, ಹೃದಯಾಘಾತ ಎದೆನೋವಿಲ್ಲದೆ, ಸನ್ನಿಯೊಂದನ್ನೇ ಮುಂದಿಟ್ಟುಕೊಂಡು ಬರುವುದುಂಟು. ನಿತ್ಯ ಕುಡಿಯುತ್ತಿದ್ದವರು ಆಸ್ಪತ್ರೆಗೆ ಸೇರಿ ಮದ್ಯ ತಪ್ಪಿದ ಎರಡು ಮೂರನೆಯ ದಿನ ನಡುಗುತ್ತ ಭ್ರಮೆಗೊಂಡರೆ ಅದರ ದಾರಿ ಬೇರೆ. ಅಲ್ಲಿ ಥಯಾಮಿನ್ ಮತ್ತು ಬೆಂಜೋಡಯಜೆಪೀನ್ ಜೀವರಕ್ಷಕಗಳು. ಇತರರಲ್ಲಿ ಅದೇ ಬೆಂಜೋಡಯಜೆಪೀನ್ ಸನ್ನಿಯನ್ನು ಹೆಚ್ಚಿಸುವುದೇ ಸಾಮಾನ್ಯ.

ಹ್ಯಾಲೊಪೆರಿಡಾಲ್ ಇಂಜೆಕ್ಷನ್ನಿನ ಮೇಲೆ ತರುಣ ವೈದ್ಯರಿಗಿರುವ ವಿಶ್ವಾಸವನ್ನು ಸಂಶೋಧನೆಗಳು ಸಮರ್ಥಿಸಿಲ್ಲ. ಆಸ್ಟ್ರೇಲಿಯದಲ್ಲಿ ಉಪಶಮನ ಚಿಕಿತ್ಸೆಯಲ್ಲಿದ್ದ 247 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹ್ಯಾಲೊಪೆರಿಡಾಲ್ ಅಥವಾ ರಿಸ್ಪೆರಿಡೋನ್ ಪಡೆದವರ ಲಕ್ಷಣಗಳು ಹುಸಿ ಔಷಧ ಪಡೆದವರಿಗಿಂತ ಕೆಟ್ಟಿದ್ದವು, ಅಮೆರಿಕದ ಐ.ಸಿ.ಯು.ಗಳಲ್ಲಿ 566 ರೋಗಿಗಳ ಮೇಲೆ ನಡೆದ, 2018ರಲ್ಲಿ ಹೊರಬಿದ್ದ ಇನ್ನೊಂದರಲ್ಲಿ ಇಂತಹ ಔಷಧಗಳಿಂದ ಸನ್ನಿಯ ಅವಧಿ ಕಡಮೆಯಾಗಲಿಲ್ಲ. ರೋಗಿಯು ತನಗೋ ಇತರರಿಗೋ ಅಪಾಯ ತಂದುಕೊಳ್ಳುವಂತಿದ್ದು ಬೇರೆಲ್ಲ ಉಪಾಯಗಳೂ ಸೋತಾಗ, ಅತ್ಯಲ್ಪ ಪ್ರಮಾಣದಲ್ಲಿ, ಅತ್ಯಲ್ಪ ಕಾಲ ಕೊಡಬೇಕಾಗಬಹುದು. ಪಾರ್ಕಿನ್ಸನ್ ರೋಗವಿದ್ದವರಿಗೆ ಹ್ಯಾಲೊಪೆರಿಡಾಲ್ ಅಂತೂ ಸಲ್ಲದು.

ಫಲ ಕಂಡಿರುವುದು ಸರಳವಾದ ಶುಶ್ರೂಷೆಯಲ್ಲಿ. ಕನ್ನಡಕ ಪೆಟ್ಟಿಗೆಯಲ್ಲಿರದೆ ಮುಖದ ಮೇಲಿರುವುದು, ಶ್ರವಣಯಂತ್ರ ಕಿವಿಯಲ್ಲಿರುವುದು, ಗಂಟೆಗಂಟೆಗೆ ನೀರು, ಹಗಲು ಬೆಳಕು, ರಾತ್ರಿ ಕತ್ತಲೆ ಮತ್ತು ನಿಶ್ಶಬ್ದ, ಎಬ್ಬಿಸಿ ನಡೆಸುವುದು, ಇಂದು ಯಾವ ದಿನ, ಇದು ಯಾವ ಊರೆಂದು ಮತ್ತೆ ಮತ್ತೆ ಹೇಳುವುದು. ಯೇಲ್‌ನಲ್ಲಿ ಎಪ್ಪತ್ತು ದಾಟಿದ 852 ರೋಗಿಗಳ ಮೇಲೆ ಇದನ್ನು ವ್ಯವಸ್ಥಿತವಾಗಿ ನಡೆಸಿ ನೋಡಿದಾಗ, ಸಾಮಾನ್ಯ ಉಪಚಾರ ಪಡೆದವರಲ್ಲಿ ಶೇ. 15ರಷ್ಟಿದ್ದ ಸನ್ನಿಯು ಈ ಶುಶ್ರೂಷೆ ಪಡೆದವರಲ್ಲಿ ಶೇ. 9.9ಕ್ಕೆ ಇಳಿಯಿತೆಂದು 1999ರಲ್ಲಿ ಪ್ರಕಟವಾಯಿತು. ಒಮ್ಮೆ ಆರಂಭವಾದ ಸನ್ನಿಯ ತೀವ್ರತೆಯಾದರೋ ಅಷ್ಟಾಗಿ ತಗ್ಗಲಿಲ್ಲ. ಆದುದರಿಂದಲೇ ಈ ಶುಶ್ರೂಷೆಯ ಆದೇಶಗಳನ್ನು ವೃದ್ಧರು ವಾರ್ಡಿಗೆ ಸೇರಿದ ದಿನವೇ, ಆಂಟಿಬಯೋಟಿಕ್ ಬರೆಯುವ ಅದೇ ಹಾಳೆಯಲ್ಲಿ, ಹೌಸ್ ಸರ್ಜನ್ನರು ಬರೆಯುವಂತಾಗಬೇಕು.

ಶಿಕ್ಷಣದಿಂದ ಇದೆಲ್ಲ ಸಾಧ್ಯವೇ ಎಂದು ಕೇಳುವವರಿಗೆ ಇಂಗ್ಲೆಂಡಿನ ಬೋಧನಾ ಆಸ್ಪತ್ರೆಯೊಂದರ ಅನುಭವ ಉತ್ತರ ಕೊಡುತ್ತದೆ. ಅಲ್ಲಿ ಒಂದು ವಾರ್ಡಿನ ವೈದ್ಯರಿಗೂ ದಾದಿಯರಿಗೂ ಒಂದು ಗಂಟೆಯ ಉಪನ್ಯಾಸ ಮತ್ತು ಚರ್ಚೆ, ಬರೆದ ಸೂಚನೆಗಳು, ಮತ್ತು ಮುಂದಿನ ವಾರಗಳಲ್ಲಿ ವಾರ್ಡಿನಲ್ಲಿದ್ದ ರೋಗಿಗಳನ್ನೇ ಆಧರಿಸಿದ ಅಭ್ಯಾಸ, ಇಷ್ಟನ್ನು ನಡೆಸಿದರು. ಇನ್ನೊಂದು ವಾರ್ಡನ್ನು ಎಂದಿನಂತೆ ಬಿಟ್ಟರು. 2005ರಲ್ಲಿ ವರದಿಯಾದಂತೆ, ಎಪ್ಪತ್ತು ಮೀರಿದ ಒಟ್ಟು 250 ರೋಗಿಗಳಲ್ಲಿ, ಕಲಿತ ವಾರ್ಡಿನ 122 ಮಂದಿಯಲ್ಲಿ 12 ಜನರಿಗೂ ಕಲಿಯದ ವಾರ್ಡಿನ 128 ಮಂದಿಯಲ್ಲಿ 25 ಜನರಿಗೂ ಸನ್ನಿಯಿತ್ತು. ಇದ್ದ ಸನ್ನಿಯನ್ನು ಗುರುತಿಸಿದ್ದೂ ಕಲಿತ ವಾರ್ಡಿನಲ್ಲಿಯೇ ಹೆಚ್ಚು. ಯಾವ ಹೊಸ ಯಂತ್ರವೂ ಬರಲಿಲ್ಲ, ಯಾವ ಹೊಸ ಔಷಧವೂ ಬರಲಿಲ್ಲ. ಅಲ್ಲಿ ದಾದಿಯರೂ ವೈದ್ಯರೂ ಒಟ್ಟಿಗೆ ಕುಳಿತು ಕಲಿತರೆಂಬುದನ್ನು ನಾನು ಬಹು ಮುಖ್ಯವೆಂದೆಣಿಸುತ್ತೇನೆ, ಏಕೆಂದರೆ ರಾತ್ರಿಯ ಏರಿಳಿತವನ್ನು ನೋಡುವವರು ದಾದಿಯರು, ಬೆಳಗ್ಗೆ ನಿರ್ಧರಿಸುವವರು ವೈದ್ಯರು.

ಸನ್ನಿ ಇಳಿದ ಮೇಲೂ ವೈದ್ಯನ ಕೆಲಸ ಉಳಿದಿರುತ್ತದೆ. ಆ ದಿನಗಳ ನೆನಪೇ ರೋಗಿಗಿರುವುದಿಲ್ಲವೆಂಬುದು ತಪ್ಪು ತಿಳಿವಳಿಕೆ. ಅಮೆರಿಕದಲ್ಲಿ ಸನ್ನಿ ಹಿಡಿದಿದ್ದ ಕ್ಯಾನ್ಸರ್ ರೋಗಿಗಳನ್ನು ಸನ್ನಿ ಇಳಿದ ಬಳಿಕ ವಿಚಾರಿಸಿದಾಗ ಅರ್ಧಕ್ಕಿಂತ ಹೆಚ್ಚು ಜನ ಅದನ್ನು ನೆನೆದರು, ಮಂದ ಸನ್ನಿಯವರ ಸಂಕಟವೂ ಕೂಗಾಡಿದವರಷ್ಟೇ ಇತ್ತು. ತಾನು ಹುಚ್ಚಾದೆನೇ, ಸೊಸೆಗೆ ಏನೆಂದು ಬೈದೆನೋ ಎಂದು ನಾಚಿ ಬಾಯಿ ಬಿಡದ ಮುದುಕರ ಪಕ್ಕದಲ್ಲಿ ಕುಳಿತು, ಇದು ಸೋಂಕಿನಿಂದ ಮಿದುಳಿಗಾದ ತೊಂದರೆ, ಹುಚ್ಚಲ್ಲ, ಎಂದು ಮನೆಯವರೆದುರಿಗೇ ಹೇಳುವುದನ್ನು ವಿದ್ಯಾರ್ಥಿಗಳು ತಮ್ಮ ಗುರುಗಳು ಹೇಳುವಾಗ ನಿಂತು ಕೇಳಿ ಕಲಿಯಬೇಕು. ಫಿನ್‌ಲೆಂಡಿನ ವಾಂಟಾ ಪಟ್ಟಣದಲ್ಲಿ 85 ದಾಟಿದ 553 ಜನರನ್ನು ವರ್ಷಗಟ್ಟಲೆ ಅನುಸರಿಸಿದ ಅಧ್ಯಯನದಲ್ಲಿ, ಸನ್ನಿಯಾಗಿದ್ದವರಿಗೆ ಆಮೇಲೆ ಮರೆವಿನ ರೋಗ ತಗಲುವ ಸಂಭವ ಇತರರಿಗಿಂತ ಎಂಟುಪಟ್ಟಿಗೂ ಮಿಗಿಲಾಗಿತ್ತು. ಆದ್ದರಿಂದ ಡಿಸ್‌ಚಾರ್ಜ್ ಕಾರ್ಡಿನಲ್ಲಿ ನ್ಯುಮೋನಿಯಾದ ಕೆಳಗೆ ಡೆಲಿರಿಯಮ್ ಎಂದು ಸ್ಪಷ್ಟವಾಗಿ ಬರೆದು, ವಾರ್ಡಿನಲ್ಲಿ ಹೊಸದಾಗಿ ಆರಂಭಿಸಿದ್ದ ನಿದ್ದೆಮಾತ್ರೆಯನ್ನು ಪಟ್ಟಿಯಿಂದ ಹೊಡೆದುಹಾಕಿ, ಕೆಲವು ವಾರಗಳ ಮೇಲೆ ನೆನಪಿನ ಪರೀಕ್ಷೆಗೆ ಬರಬೇಕಾದ ತಾರೀಖನ್ನು ಮಗಳ ಕೈಗೆ ಬರೆದುಕೊಡಬೇಕು.